ಜಾಲಿಗಿಡದ ನೆರಳಿನಲ್ಲಿ

ಮಂಗಳವಾರದ ಬೆಳಗ್ಗೆ ಗೋಕಾಕದ ತಾಲೂಕು ಆಸ್ಪತ್ರೆಯ ಕಡೆ ಹೋದವರು ಅಲ್ಲಿ ಇತರ ಸಾಲುಗಳಂತಲ್ಲದ ಒಂದು ಸಾಲನ್ನು ಗಮನಿಸಿರಬಹುದು. ಬೇರೆ ಸಾಲುಗಳಲ್ಲಿ ಜನ ಗದ್ದಲ ಮಾಡುತ್ತಾರೆ, ಪಾಳಿಗಾಗಿ ಜಗಳವಾಡುತ್ತಾರೆ. ಈ ಸಾಲಿನಲ್ಲಿ ಮಾತು ಕಡಿಮೆ. ಹೆಣ್ಣುಮಕ್ಕಳ ಸೆರಗು ಹಣೆಯವರೆಗೆ ಇಳಿದಿರುತ್ತದೆ. ಗಂಡಸರು ಗೋಡೆಯ ಕಡೆ ಮುಖಮಾಡಿ ನಿಂತಿರುತ್ತಾರೆ. ಪರಿಚಯದವರು ಯಾರಾದರೂ ಎದುರಾದರೆ "ಬಿಪಿ ಗುಳಿಗಿ ಒಯ್ಯಾಕ ಬಂದಿದ್ದೆ" ಎಂದು ಹೇಳಿ ಮಾತು ತಿರುಗಿಸುತ್ತಾರೆ.

2014ರಲ್ಲಿ ಕರ್ನಾಟಕ ಸರ್ಕಾರವು ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ವ್ಯವಸ್ಥೆ ಅದು. ಅದಕ್ಕೆ ಮೊದಲು ನಮ್ಮ ಭಾಗದವರಿಗೆ ಮನಸ್ಸಿನ ಬೇನೆಯೆಂದರೆ ಒಂದೇ ದಾರಿ, ಧಾರವಾಡ. ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಆರಂಭವಾದ ಅಲ್ಲಿಯ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಆದರೂ "ನಿನ್ನ ಧಾರವಾಡಕ್ಕ ಕಳಸಬೇಕು ನೋಡು" ಎಂಬ ಮಾತು ನಮ್ಮ ಓಣಿಗಳಲ್ಲಿ ಇನ್ನೂ ಬೈಗುಳವಾಗಿಯೇ ಉಳಿದಿದೆ. ವಿದ್ಯಾಕಾಶಿಯೆಂದು ಹೊಗಳಿಸಿಕೊಂಡ ಊರಿಗೆ ಇದೆಂಥ ಪಾಡು!

ನಾನು ಆ ಸಾಲಿನಲ್ಲಿ ಮೊದಲ ಬಾರಿಗೆ ನಿಂತದ್ದು ಒಬ್ಬ ಯುವಕನ ಜೊತೆ. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಅವನಿಗೆ ನದಿಯ ಸಮೀಪದಲ್ಲಿ ಪಂಪ್‌ಸೆಟ್ ಮೋಟರುಗಳನ್ನು ಬಿಚ್ಚಿ ಹೊಸ ತಂತಿ ಸುತ್ತಿಕೊಡುವ ಅಂಗಡಿಯಿತ್ತು. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆಯನ್ನೇ ಮುಳುಗಿಸಿ ಗೋಕಾಕದೊಳಗೆ ನುಗ್ಗಿದ್ದನ್ನು ನೀವು ಮರೆತಿರಲಾರಿರಿ. ನೀರು ಇಳಿದ ಮೇಲೆ ಅವನ ಅಂಗಡಿಯಲ್ಲಿ ಮೊಣಕಾಲೆತ್ತರ ರಾಡಿ ಮಾತ್ರ ಉಳಿದಿತ್ತು. ಅವನದಾಗಿದ್ದರೆ ಹೇಗೋ ಸಹಿಸುತ್ತಿದ್ದನೇನೋ, ಹಾಳಾದ ಹನ್ನೊಂದು ಮೋಟರುಗಳು ರೈತರವು. ಅವರು ಒಬ್ಬೊಬ್ಬರಾಗಿ ಬಂದು ಕೇಳತೊಡಗಿದರು. ಕೇಳಿದವರೂ ನೆರೆಯಲ್ಲಿ ಬೆಳೆ ಕಳೆದುಕೊಂಡವರೇ. ಅವನು ಮೊದಲು ಉತ್ತರ ಕೊಡುತ್ತಿದ್ದ, ಆಮೇಲೆ ಬಾಗಿಲು ಹಾಕಿಕೊಂಡ, ಕೊನೆಗೆ ಹಾಸಿಗೆಯಿಂದ ಏಳುವುದನ್ನೇ ಬಿಟ್ಟ.

ಅವನ ತಾಯಿ ನಮ್ಮ ಧರ್ಮಕೇಂದ್ರದ ಭಕ್ತೆ. ಆ ವರ್ಷದ ಕೊನೆಯಲ್ಲಿ ಅವನನ್ನು ನನ್ನ ಬಳಿ ಕರೆತಂದರು. ನಾನು ಅವನಿಗೆ ಯೋಬನ ಕಥೆ ಹೇಳಿದೆ. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದವನ ಕಥೆ. ನಿನಗಿಂತ ಹೆಚ್ಚು ಕಳೆದುಕೊಂಡವರು ಈ ಊರಲ್ಲಿದ್ದಾರೆ, ಅವರು ಎದ್ದು ನಿಂತಿದ್ದಾರೆ, ಜಪಸರ ಹಿಡಿ, ಧೈರ್ಯ ತಾಳು ಎಂದೆ. "ಆತ್ರಿ ಫಾದರ್" ಎಂದ. ಅಷ್ಟು ಸುಲಭವಾಗಿ ಒಪ್ಪಿಕೊಂಡನಲ್ಲ ಎಂದು ನನಗೆ ಸಮಾಧಾನವಾಯಿತು. ಯೋಬನ ಗ್ರಂಥದಲ್ಲಿ ಬಹಳ ಮಾತನಾಡಿ ತಪ್ಪಿತಸ್ಥರೆನಿಸಿಕೊಂಡವರು ಅವನ ಮಿತ್ರರು ಎಂಬುದನ್ನು ಮಾತ್ರ ಆ ಹೊತ್ತು ನಾನು ಮರೆತಿದ್ದೆ.

ನಾಲ್ಕು ತಿಂಗಳಲ್ಲಿ ಅವನು ತನ್ನ ಜೀವಕ್ಕೆ ತಾನೇ ಎರವಾಗಲು ಯತ್ನಿಸಿದ. ದೇವರ ಕೃಪೆ, ನೆರೆಮನೆಯವರ ಚುರುಕುತನ, ಎರಡರಿಂದ ಬದುಕುಳಿದ. ನಾನು ಆಸ್ಪತ್ರೆಗೆ ಹೋದಾಗ ಅವನು ಕಣ್ಣು ತೆರೆದು ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು: "ನಿಮಗ ತ್ರಾಸ ಆತ್ರಿ ಫಾದರ್." ಕ್ಷಮೆ ಕೇಳಬೇಕಾಗಿದ್ದವನು ನಾನು, ಕೇಳಿದವನು ಅವನು.

ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಕಲಿಸಿದರು. ಆತ್ಮದ ಕತ್ತಲ ರಾತ್ರಿಯ ಬಗ್ಗೆ ಸಂತರು ಬರೆದದ್ದನ್ನು ಓದಿಸಿದರು. ಆದರೆ ಕತ್ತಲೆಗಳಲ್ಲಿ ಎರಡು ಬಗೆಯುಂಟು, ಒಂದಕ್ಕೆ ಆತ್ಮಗುರು ಬೇಕು, ಇನ್ನೊಂದಕ್ಕೆ ವೈದ್ಯ ಬೇಕು, ಕೆಲವೊಮ್ಮೆ ಇಬ್ಬರೂ ಬೇಕು ಎಂಬುದನ್ನು ನಾನು ಕಲಿತದ್ದು ಆ ಮಂಗಳವಾರದ ಸಾಲಿನಲ್ಲಿ.

ಅಲ್ಲಿಂದ ಮುಂದಿನ ಮೂರು ವರ್ಷಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲ ಗುಳಿಗೆ ಫಲಿಸಲಿಲ್ಲ. ಎರಡನೆಯದು ಅರ್ಧ ಫಲಿಸಿತು. ನಡುವೆ ಕೊರೋನಾ ಬಂದು ಔಷಧಿ ತಪ್ಪಿತು. ಮುಂದೆ ಧಾರವಾಡಕ್ಕೂ ಹೋಗಿಬಂದೆವು. ಜನ ಹೆದರುವ ಶಾಕ್ ಚಿಕಿತ್ಸೆಯೂ ಆಯಿತು. ಅದನ್ನು ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ಹಾಗಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಕೆಲವು ತಿಂಗಳು ಚೇತರಿಸಿಕೊಂಡು ಅವನು ಮತ್ತೆ ಕುಸಿದ. ಸರಿಯಾದ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಖಿನ್ನತೆಯ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಪೂರ್ಣ ಗುಣ ಕಾಣುವುದಿಲ್ಲವೆಂದು ವೈದ್ಯರು ಹೇಳಿದರು. ಅಂಥವರಿಗೆ ಈಗ ದೊಡ್ಡ ನಗರಗಳಲ್ಲಿ ಕೆಟಮಿನ್ ಎಂಬ ಔಷಧಿಯನ್ನು ಕೊಡುತ್ತಿದ್ದಾರೆ, ಜೊತೆಗೆ ಮಾತಿನ ಚಿಕಿತ್ಸೆಯೂ ಇದ್ದರೆ ಒಳ್ಳೆಯದು, ಪ್ರಯತ್ನಿಸಬಹುದು ಎಂದರು.

ತಾಯಿ ಒಪ್ಪಿದರು. ಒಪ್ಪದವರು ಹುಕ್ಕೇರಿಯಲ್ಲಿದ್ದ ಸೋದರಮಾವ. ನಿವೃತ್ತ ಶಿಕ್ಷಕರು, ದಿನಕ್ಕೆ ಎರಡು ಪತ್ರಿಕೆ ಓದುವವರು, ಮನೆಯ ದೊಡ್ಡ ನಿರ್ಧಾರಗಳೆಲ್ಲ ಅವರ ಬಾಯಿಂದಲೇ ಬರಬೇಕು. ನಾನು ಹುಕ್ಕೇರಿಗೆ ಹೋಗಿ ಅವರ ಪಡಸಾಲೆಯಲ್ಲಿ ಕುಳಿತೆ.

"ಫಾದರ್, ಇದು ನಶೆಯ ಪದಾರ್ಥ ಅಲ್ಲೇನ್ರಿ? ಪೇಪರಿನಾಗ ಓದೀನಿ. ದೊಡ್ಡ ಊರಾಗ ಹುಡುಗರು ಪಾರ್ಟಿಯಾಗ ತಗೋತಾರಂತ."

ಹೌದು ಎಂದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಅದರ ದುರುಪಯೋಗದ ಕಾರಣದಿಂದಲೇ ಸರ್ಕಾರವು 2011ರಲ್ಲಿ ಅದನ್ನು ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ತಂದಿತು. ಇಂದು ಅದು ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ವೈದ್ಯರು ಚೀಟಿಯನ್ನು ಎರಡು ಪ್ರತಿ ಬರೆಯಬೇಕು, ಅಂಗಡಿಯವರು ಒಂದನ್ನು ಎರಡು ವರ್ಷ ಕಾಪಾಡಬೇಕು. ಆದರೆ ಅದೇ ಕೆಟಮಿನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೂ ದಶಕಗಳಿಂದ ಇದೆ. 1962ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ ಅದನ್ನು ತಯಾರಿಸಿದರು. 1970ರಲ್ಲಿ ಅಲ್ಲಿ ಅರಿವಳಿಕೆಯಾಗಿ ಬಳಸಲು ಅನುಮತಿ ದೊರೆಯಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳು ಸೈನಿಕರಿಗೆ ಅದನ್ನು ಕೊಡುತ್ತಿದ್ದರು. ಉಸಿರಾಟವನ್ನು ಅಷ್ಟಾಗಿ ಕುಗ್ಗಿಸದ ಗುಣವಿರುವುದರಿಂದ ದೊಡ್ಡ ಯಂತ್ರಗಳಿಲ್ಲದ ಬಡ ಆಸ್ಪತ್ರೆಗಳಿಗೆ ಅದು ವರವಾಯಿತು. 2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಖಿನ್ನತೆಯ 7 ರೋಗಿಗಳಿಗೆ ಅದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು ನೋಡಿದರು. ವಾರಗಟ್ಟಲೆ ಕಾಯಬೇಕಾದ ಬದಲಾವಣೆ ದಿನಗಳಲ್ಲಿ ಕಾಣಿಸಿತು. 2006ರಲ್ಲಿ ಅಲ್ಲಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನಡೆದ ಅಧ್ಯಯನದಲ್ಲಿ ಹಲವರಿಗೆ ಒಂದೇ ದಿನದೊಳಗೆ ಹಗುರವಾಯಿತು. ಹಳೆಯ ಗುಳಿಗೆಗಳು ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ದಾರಿಯಲ್ಲಿ ಕೆಲಸಮಾಡಿದರೆ, ಇದು ಗ್ಲುಟಮೇಟ್ ಎಂಬ ಬೇರೊಂದರ ದಾರಿಯಲ್ಲಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೂ ಇದರ ಬಳಕೆಯ ಬಗ್ಗೆ ಅಧ್ಯಯನ ಪ್ರಕಟಿಸಿದ್ದಾರೆ.

ಮಾಸ್ತರರು ಕೇಳಿಸಿಕೊಂಡರು. ಆದರೆ ಅವರ ನಿಜವಾದ ಆಕ್ಷೇಪ ಬೇರೆಯಿತ್ತು. "ಪ್ರಭು ಯೇಸು ಶಿಲುಬೆ ಏರೂ ಮುಂದ ರಕ್ತಬೋಳ ಬೆರಸಿದ ದ್ರಾಕ್ಷಾರಸ ಕೊಟ್ರು. ಒಲ್ಲೆ ಅಂದ. ನೋವು ಅನುಭವಿಸೂದು ಬಿಟ್ಟು ನಶೆ ಮಾಡಿ ಮರಿ ಅಂತ ನಾವು ಹುಡುಗಗ ಹೇಳೂದೇನು?"

ಮಾರ್ಕನ ಶುಭಸಂದೇಶದ ಆ ಪ್ರಸಂಗವನ್ನು ನನ್ನ ಮುಂದೆ ಅಷ್ಟು ನೇರವಾಗಿ ಇಟ್ಟವರು ಅವರೊಬ್ಬರೇ. ನಾನು ಅವರಿಗೆ ಎರಡು ಸಂಗತಿ ಹೇಳಿದೆ. 1957ರಲ್ಲಿ ಅರಿವಳಿಕೆ ತಜ್ಞರು ಇದೇ ಬಗೆಯ ಪ್ರಶ್ನೆಗಳನ್ನು ಜಗದ್ಗುರು ಹನ್ನೆರಡನೆಯ ಪಯಸ್ ಅವರ ಮುಂದಿಟ್ಟಿದ್ದರು. ಕ್ರೈಸ್ತನು ನೋವನ್ನು ನೋವಿಗಾಗಿಯೇ ಬಯಸಬೇಕಾದ ಕಟ್ಟಳೆಯಿಲ್ಲ, ಸ್ವ-ಇಚ್ಛೆಯಿಂದ ಸಹಿಸುವವನು ಸಹಿಸಲಿ, ಶಮನ ಬೇಡುವವನಿಗೆ ಅದನ್ನು ನಿರಾಕರಿಸಬಾರದು ಎಂಬುದು ಅವರ ಉತ್ತರದ ಸಾರ. ಮರುವರ್ಷ, 1958ರ ಸೆಪ್ಟೆಂಬರಿನಲ್ಲಿ, ಮನಸ್ಸಿನ ಔಷಧಿಗಳ ತಜ್ಞರು ರೋಮಿನಲ್ಲಿ ಸೇರಿದ್ದಾಗ ಅವರನ್ನು ಉದ್ದೇಶಿಸಿಯೂ ಅದೇ ಜಗದ್ಗುರುಗಳು ಮಾತನಾಡಿದರು. ಆಗ ಹೊಸದಾಗಿ ಬಂದಿದ್ದ ಆ ಔಷಧಿಗಳಲ್ಲಿ ಒಂದು ನಮ್ಮ ಸರ್ಪಗಂಧದ ಬೇರಿನಿಂದ ತೆಗೆದದ್ದು. ಅವರು ಆ ಔಷಧಿಗಳನ್ನು ತಿರಸ್ಕರಿಸಲಿಲ್ಲ. ರೋಗಿಯ ಮಾನವ ಘನತೆಗೆ, ಅವನ ಒಪ್ಪಿಗೆಗೆ ಚ್ಯುತಿ ಬರಬಾರದು ಎಂದು ಎಚ್ಚರಿಸಿದರು. ಎರಡನೆಯ ಸಂಗತಿ: ಪ್ರಭು ಆ ಪಾತ್ರೆಯನ್ನು ತನಗಾಗಿ ಬೇಡವೆಂದನೇ ಹೊರತು ತನ್ನ ಬಳಿ ಬಂದ ಯಾವ ರೋಗಿಗೂ ನೋವು ನಿನಗೆ ಒಳ್ಳೆಯದು ಎಂದು ಹೇಳಿ ಕಳುಹಿಸಲಿಲ್ಲ.

ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದು, "ಚಹಾ ತಗೋರಿ, ಆರತೈತಿ" ಎಂದರು. ನಮ್ಮ ಕಡೆ ಹಿರಿಯರು ಒಪ್ಪಿಕೊಳ್ಳುವ ರೀತಿಯೇ ಅದು.

ಔಷಧಿಯ ಒಳಗುಟ್ಟನ್ನು ಮಾತ್ರ ನನಗೆ ತಿಳಿಸಿದವರು ಜಗದ್ಗುರುಗಳೂ ಅಲ್ಲ, ವೈದ್ಯರೂ ಅಲ್ಲ. ಈಚೆಗಷ್ಟೇ ಗೋಕಾಕದಿಂದ ಬೇರ್ಪಟ್ಟು ತಾನೇ ತಾಲೂಕಾದ ಮೂಡಲಗಿಯಲ್ಲಿ ಒಬ್ಬ ವೃದ್ಧ ನರ್ಸಬಾಯಿ ಇದ್ದಾರೆ. ಶಸ್ತ್ರಚಿಕಿತ್ಸೆಯ ಶಿಬಿರಗಳಲ್ಲಿ, ಹೆರಿಗೆ ಕೋಣೆಗಳಲ್ಲಿ ಮೂವತ್ತು ವರ್ಷ ದುಡಿದವರು. ನಾನು ಕೆಟಮಿನ್ ಎಂದೊಡನೆ ನಕ್ಕರು. "ಆ ಇಂಜೆಕ್ಷನ್ ನನಗ ಹೇಳಿಕೊಡ್ತೀರೇನ್ರಿ ಫಾದರ್?" ಅದನ್ನು ಕೊಟ್ಟವರು ಕಣ್ಣು ತೆರೆದುಕೊಂಡೇ ಎಲ್ಲಿಗೋ ಹೋಗಿರುತ್ತಿದ್ದರಂತೆ. ಮರಳಿ ಬರುವಾಗ ಕೆಲವರು ಹಾಡುತ್ತಿದ್ದರು, ಕೆಲವರು ಯಲ್ಲಮ್ಮನನ್ನು ಕಂಡೆನೆನ್ನುತ್ತಿದ್ದರು, ಕೆಲವರು ಕಿರುಚಿ ಹಾಸಿಗೆಯಿಂದ ಇಳಿದು ಓಡಲು ನೋಡುತ್ತಿದ್ದರು. ಹಾಗಾದರೆ ನೀವೇನು ಮಾಡುತ್ತಿದ್ದಿರಿ ಎಂದೆ.

"ಏನಿಲ್ರಿ. ದೀಪ ಸಣ್ಣದ ಮಾಡಿ, ಮಂದಿನ್ನ ಹೊರಗ ಹಾಕಿ, ಕೈ ಹಿಡಕೊಂಡು ಕುಂದರ್ತಿದ್ದೆ. ಕೈ ಹಿಡದವರು ಶಾಂತ ಏಳ್ತಿದ್ರು. ನನಗ ಪುರಸೊತ್ತ ಸಿಗದಾಗ ಚೀರಾಡಿ ಏಳ್ತಿದ್ರು. ಔಷಧ ಒಂದರೀ, ಏಳೂದು ಬ್ಯಾರೆ ಬ್ಯಾರೆ."

ಓದುಗರೇ, ಇಡೀ ಜಗತ್ತಿನಲ್ಲಿ ಈಗ ಕೆಟಮಿನ್ ಜೊತೆಗಿನ ಮನೋಚಿಕಿತ್ಸೆ ಎಂದು ಕರೆಯುವುದರ ತಿರುಳು ಈ ನಾಲ್ಕು ಮಾತಿನಲ್ಲಿದೆ ಎಂದು ನನಗನ್ನಿಸುತ್ತದೆ. ಅದು ತೀರ ಹೊಸದೂ ಅಲ್ಲ. 1985ರಿಂದಲೇ ಅಂದಿನ ಲೆನಿನ್‌ಗ್ರಾಡ್‌ನಲ್ಲಿ ಎವ್ಗೆನಿ ಕ್ರುಪಿಟ್ಸ್ಕಿ ಎಂಬ ವೈದ್ಯರು ಕುಡಿತಕ್ಕೆ ದಾಸರಾದವರಿಗೆ ಹೀಗೆ ಚಿಕಿತ್ಸೆ ನೀಡುತ್ತಿದ್ದರು. ಮೊದಲು ಸಿದ್ಧತೆಯ ಮಾತುಕತೆ, ಆಮೇಲೆ ಔಷಧಿ, ಔಷಧಿಯ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರು, ಮುಗಿದ ಮೇಲೆ ಕಂಡದ್ದನ್ನು ಬದುಕಿಗೆ ಹೊಂದಿಸಿಕೊಳ್ಳುವ ಮಾತುಕತೆ. ಔಷಧಿಯೊಂದೇ ಇದ್ದಾಗ ಸಿಗುವ ಫಲಕ್ಕಿಂತ ಮಾತು ಸೇರಿದಾಗ ಸಿಗುವ ಫಲ ಎಷ್ಟು ಹೆಚ್ಚು ಎಂಬುದರ ಪುರಾವೆ ಇನ್ನೂ ತೆಳುವಾಗಿದೆ ಎಂದು ಪ್ರಾಮಾಣಿಕ ವೈದ್ಯರು ಒಪ್ಪಿಕೊಳ್ಳುತ್ತಾರೆ. ನರ್ಸಬಾಯಿಗೆ ಮಾತ್ರ ಆ ಅನುಮಾನವಿಲ್ಲ.

2023ರಲ್ಲಿ ನಾನು, ಅವನ ತಾಯಿ, ಅವನು ಮೂವರೂ ಘಟಪ್ರಭಾ ನಿಲ್ದಾಣದಿಂದ ರೈಲು ಹತ್ತಿ ದೂರದ ನಗರಕ್ಕೆ ಹೋದೆವು. ಖರ್ಚಿಗೆ ಅವನ ಹೆಂಡತಿಯ ಬಳೆಗಳು ಹೋಗಿದ್ದವು. ಅಲ್ಲಿಯ ಮನಶ್ಶಾಸ್ತ್ರಜ್ಞೆ ಎರಡು ದಿನ ಅವನೊಂದಿಗೆ ಬರಿದೇ ಮಾತನಾಡಿದರು. ನಿನಗೆ ಯಾವುದರ ಭಯ, ಭಯವಾದರೆ ಯಾರ ಕೈ ಹಿಡಿಯಬೇಕು, ಯಾವ ಮಾತು ಆಡಬಾರದು ಎಂದೆಲ್ಲ ಕೇಳಿ ಬರೆದುಕೊಂಡರು. ಮೂರನೆಯ ದಿನ ಚಿಕಿತ್ಸೆ. ನನ್ನ ಕಲ್ಪನೆಯಲ್ಲಿ ಏನೇನೋ ಇತ್ತು. ಕಂಡದ್ದು ಒಂದು ಸಾಮಾನ್ಯ ಕೋಣೆ, ಸಲೈನಿನ ಸಣ್ಣ ನಳಿಗೆ, ರಕ್ತದೊತ್ತಡ ಅಳೆಯುವ ಪಟ್ಟಿ, ಆಮ್ಲಜನಕದ ಸಿಲಿಂಡರು. ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂ ಲೆಕ್ಕ. ಅವನ ತೂಕ 58 ಕಿಲೋ, ಹಾಗಾಗಿ 29 ಮಿಲಿಗ್ರಾಂ ಔಷಧಿ 40 ನಿಮಿಷಗಳಲ್ಲಿ ಹನಿಹನಿಯಾಗಿ ಒಳಗೆ ಹೋಯಿತು. ಶಸ್ತ್ರಚಿಕಿತ್ಸೆಗೆ ರಕ್ತನಾಳದ ಮೂಲಕ ಕೊಡುವಾಗ ಇದರ ಎರಡರಿಂದ ನಾಲ್ಕು ಪಟ್ಟು ಔಷಧಿಯನ್ನು ಕೆಲವೇ ಕ್ಷಣಗಳಲ್ಲಿ ಕೊಡುತ್ತಾರಂತೆ. ನಾನು ಬಾಗಿಲ ಹೊರಗೆ ಕುಳಿತೆ. ಒಳಗಿದ್ದವರು ವೈದ್ಯರು ಮತ್ತು ಆ ಹೆಣ್ಣುಮಗಳು.

ಆಮೇಲೆ ಅವನು ಹೇಳಿದ್ದು ಇಷ್ಟು. ಅವನು ತನ್ನ ಅಂಗಡಿಯ ಮಾಳಿಗೆಯ ಮೇಲಿದ್ದ. ಕೆಳಗೆ ಆ ವರ್ಷದ ಅದೇ ನೀರು. ಆದರೆ ಅದು ಅವನೊಳಗೆ ನುಗ್ಗಲಿಲ್ಲ, ದೂರದಿಂದ ನೋಡುವಂತಿತ್ತು. ಹನ್ನೊಂದು ಮೋಟರುಗಳು ಮಕ್ಕಳ ಕಾಗದದ ದೋಣಿಗಳಂತೆ ತೇಲಿ ಹೋದವು. ತೀರಿಹೋದ ಅವನ ತಂದೆ ಮೊಣಕಾಲ ನೀರಿನಲ್ಲಿ ನಿಂತು ಬೆರಳು ಮಡಿಸಿ ಏನನ್ನೋ ಎಣಿಸುತ್ತಿದ್ದರು. ಮರುದಿನ ಮನಶ್ಶಾಸ್ತ್ರಜ್ಞೆ ಅದನ್ನು ವಿವರಿಸಲು ಹೋಗಲಿಲ್ಲ. ತಂದೆ ಏನು ಎಣಿಸುತ್ತಿದ್ದರು ಎಂದಷ್ಟೇ ಕೇಳಿ ಸುಮ್ಮನಾದರು. ಬಹಳ ಹೊತ್ತಿನ ಮೇಲೆ ಅವನು, "ಮೋಟರ್ ಅಲ್ರಿ. ಮನಿ ಮಂದಿನ್ನ ಎಣಿಸ್ತಿದ್ದ. ಎಲ್ಲಾರೂ ಅದಾರಂತ ನೋಡಾಕತ್ತಿದ್ದ" ಎಂದ. ನಾಲ್ಕು ವರ್ಷಗಳಲ್ಲಿ ಅವನು ಅತ್ತದ್ದು ಅಂದು ಮೊದಲು.

ಅದನ್ನು ದೈವದರ್ಶನವೆಂದು ಕರೆಯುವ ಆಸೆ ನನ್ನಲ್ಲಿಯೂ ಮೂಡಿತು ಎಂದು ಒಪ್ಪಿಕೊಳ್ಳುತ್ತೇನೆ. ಮುಂದಿನ ಭಾನುವಾರದ ಪ್ರಬೋಧನೆಗೆ ಎಷ್ಟು ಒಳ್ಳೆಯ ಕಥೆ! ವೈದ್ಯರು ನಕ್ಕು, ಕಂಡದ್ದು ಔಷಧಿಯ ಕೆಲಸ, ಕಂಡದ್ದರಿಂದ ಏನು ಮಾಡಿಕೊಂಡ ಎಂಬುದು ಅವನ ಕೆಲಸ, ಎರಡನ್ನೂ ಬೆರೆಸಬೇಡಿ ಎಂದರು. ನಾನು ಆ ಪ್ರಬೋಧನೆ ಮಾಡಲಿಲ್ಲ.

ಅಂದು ಸಂಜೆ ಅವನು ಚಹಾಕ್ಕೆ ಇನ್ನಷ್ಟು ಸಕ್ಕರೆ ಕೇಳಿದ. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಏನನ್ನಾದರೂ ಕೇಳುವ ಆಸೆಯೇ ಸತ್ತಿದ್ದ ಮನುಷ್ಯ ಸಕ್ಕರೆ ಕೇಳುವುದೆಂದರೆ ಏನೆಂದು ಅಂಥ ಮನೆಯವರಿಗೇ ಗೊತ್ತು. ಮೂರು ವಾರಗಳಲ್ಲಿ ಆರು ಬಾರಿ ಔಷಧಿ ಕೊಟ್ಟರು. ಇದು ಪವಾಡವೆಂದು ನೀವು ತಿಳಿಯಬಾರದು. ಒಂದು ಬಾರಿಯ ಔಷಧಿಯ ಪ್ರಭಾವ ಒಂದೆರಡು ವಾರ ಉಳಿದರೆ ಹೆಚ್ಚು. ಊರಿಗೆ ಬಂದ ಐದನೆಯ ವಾರಕ್ಕೆ ಅವನ ಕತ್ತಲೆ ಮತ್ತೆ ಬಾಗಿಲಿಗೆ ಬಂದು ನಿಂತಿತು. ಆದರೆ ಈ ಸಲ ಅವನು ತಾನೇ ಫೋನು ಮಾಡಿ ಹೇಳಿದ. ಗುಳಿಗೆ ಮುಂದುವರಿಯಿತು, ವಾರಕ್ಕೊಮ್ಮೆ ಫೋನಿನಲ್ಲಿ ಆ ಮನಶ್ಶಾಸ್ತ್ರಜ್ಞೆಯೊಡನೆ ಮಾತು ಮುಂದುವರಿಯಿತು, ಇನ್ನೆರಡು ಬಾರಿ ಆ ನಗರಕ್ಕೆ ಹೋಗಬೇಕಾಯಿತು. ಈಗ ಬೇರೊಬ್ಬರ ಅಂಗಡಿಯಲ್ಲಿ ತಂತಿ ಸುತ್ತುತ್ತಾನೆ. ಕೆಟ್ಟ ದಿನಗಳು ಈಗಲೂ ಇವೆ.

ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತಿದೆ. ಕಾರ್ಮೆಲ್ ಬೆಟ್ಟದ ಮೇಲೆ ಬೆಂಕಿಯನ್ನು ಇಳಿಸಿದವನು ಮರುದಿನವೇ ಮರುಭೂಮಿಗೆ ಓಡಿ, ಜಾಲಿಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡಿಕೊಂಡ. ನಮ್ಮ ಹೊಲಗಳ ಬದುಗಳಲ್ಲೂ ಜಾಲಿಗಿಡಗಳಿವೆ, ಅವುಗಳ ನೆರಳು ಎಷ್ಟು ತೆಳುವೆಂದು ನಮಗೆ ಗೊತ್ತು. ದೇವದೂತನು ಬಂದು ಅವನಿಗೆ ವಿಶ್ವಾಸದ ಪಾಠ ಹೇಳಲಿಲ್ಲ. ಮುಟ್ಟಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಗಿಂಡಿ ನೀರು ಇಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತನು ಗದರಿಸದೆ ಎರಡನೆಯ ಬಾರಿಯೂ ಬಂದು ಮುಟ್ಟಿದ. ದೇವರ ಮಾತು ಅವನಿಗೆ ಕೇಳಿಸಿದ್ದು ಅದಾಗಿ ನಲ್ವತ್ತು ದಿನಗಳ ಮೇಲೆ. ನಾನು ನಲ್ವತ್ತು ದಿನಗಳ ಮಾತನ್ನು ಮೊದಲ ದಿನವೇ ಆಡಿ ಮುಗಿಸಿದ್ದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಭಾಗದಲ್ಲಿ ಹೊರರೋಗಿ ಚಿಕಿತ್ಸಾಲಯ ನಡೆಸುವ, ನನಗೆ ಪರಿಚಿತರಾದ ಮನೋವೈದ್ಯರೊಬ್ಬರು ಇದೇ ಚಿಕಿತ್ಸೆಯನ್ನು ಇಲ್ಲಿಯೇ ಆರಂಭಿಸುವ ಯೋಚನೆಯಲ್ಲಿದ್ದಾರೆ. ಬಳೆ ಮಾರಿ ರೈಲು ಹತ್ತುವುದು ತಪ್ಪಲಿ ಎಂಬುದು ಅವರ ಆಸೆ. ಮೊನ್ನೆ ಬಂದು ನನ್ನ ಅಭಿಪ್ರಾಯ ಕೇಳಿದರು. ನಾವಿಬ್ಬರೂ ರಾತ್ರಿಯವರೆಗೆ ವಾದಿಸಿದೆವು.

ನನ್ನ ಮೊದಲ ಅಂಜಿಕೆ ಸಮಯದ್ದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಖಿನ್ನತೆಯ ಬಾಧೆ. ಸಾಮಾನ್ಯ ಮನೋವ್ಯಾಧಿಗಳಿರುವ 100 ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಯಾವ ಚಿಕಿತ್ಸೆಯೂ ತಲುಪಿರಲಿಲ್ಲ. ಅಗ್ಗದ ಗುಳಿಗೆಯೇ ತಲುಪದ ಕಡೆ ಒಬ್ಬ ರೋಗಿಗೆ ವೈದ್ಯರ ಮೂರು ಗಂಟೆ ಕೊಡುವುದು ನ್ಯಾಯವೇ? ಆ ಮೂರು ಗಂಟೆಗಳಲ್ಲಿ ಮಂಗಳವಾರದ ಇಡೀ ಸಾಲು ಮುಗಿಯುತ್ತದೆ. ತಪ್ಪಿಹೋದ ಒಂದು ಕುರಿಯನ್ನು ಹುಡುಕಿ ಹೋದ ಕುರುಬನ ಸಾಮತಿಯನ್ನು ನಾವು ಪ್ರೀತಿಯಿಂದ ಹೇಳುತ್ತೇವೆ. ಆದರೆ ಇಲ್ಲಿ ಉಳಿದ ತೊಂಬತ್ತೊಂಬತ್ತೂ ದೊಡ್ಡಿಯಲ್ಲಿಲ್ಲ, ಅವೂ ಮಳೆಯಲ್ಲಿ ನೆನೆಯುತ್ತಿವೆ. ವೈದ್ಯರು ಈ ಮಾತನ್ನು ತಳ್ಳಿಹಾಕಲಿಲ್ಲ. ಗುಳಿಗೆ, ಮಾತು ಎಲ್ಲವೂ ಸೋತವರಿಗೆ ಮಾತ್ರ, ತಿಂಗಳಿಗೆ ಬೆರಳೆಣಿಕೆಯಷ್ಟು ಜನರಿಗೆ ಮಾತ್ರ, ಮಂಗಳವಾರವನ್ನು ಮುಟ್ಟದೆ ಬೇರೆ ದಿನ ಎಂದರು. ಅದಕ್ಕೆ ನಾನು ಒಪ್ಪಿದೆ.

ಎರಡನೆಯ ಅಂಜಿಕೆ ದುರಾಸೆಯದ್ದು. ಹಣ ಬರುತ್ತದೆಂದು ಗೊತ್ತಾದರೆ ಹೆದ್ದಾರಿಯ ಪಕ್ಕದಲ್ಲಿ ನಾಲ್ಕು ಹಾಸಿಗೆ ಹಾಕಿ ಮಾತಿಲ್ಲದೆ, ಕಾವಲಿಲ್ಲದೆ ಬರಿಯ ಸೂಜಿ ಚುಚ್ಚುವವರು ಹುಟ್ಟಿಕೊಂಡಾರು. ಅಮೆರಿಕದ ಪ್ರಸಿದ್ಧ ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು ಇದೇ ಔಷಧಿಯ ತೀವ್ರ ಪರಿಣಾಮದಿಂದ. ಅವರು ವೈದ್ಯಕೀಯವಾಗಿ ಕೆಟಮಿನ್ ಚಿಕಿತ್ಸೆ ಪಡೆಯುತ್ತಿದ್ದವರೇ, ಆದರೆ ಪ್ರಾಣ ತೆಗೆದದ್ದು ಆ ಕೋಣೆಯ ಹೊರಗೆ ಸಿಕ್ಕ ಔಷಧಿ. ಅತಿಯಾಗಿ ಬಳಸಿದವರ ಮೂತ್ರಕೋಶವೇ ಹಾಳಾಗುತ್ತದೆ. ರಕ್ತದೊತ್ತಡ ಏರುವುದರಿಂದ ಹೃದಯದ ತೊಂದರೆ ಇರುವವರಿಗೆ ಅಪಾಯ. ವೈದ್ಯರು ತಾವು ಬರೆದಿಟ್ಟ ನಿಯಮಗಳನ್ನು ತೋರಿಸಿದರು. ಬೀಗ ಹಾಕಿದ ಕಪಾಟು, ಪ್ರತ್ಯೇಕ ದಾಖಲೆ ಪುಸ್ತಕ, ಅರಿವಳಿಕೆ ಬಲ್ಲ ವೈದ್ಯರ ಹಾಜರಿ, ಮನೆಗೆ ಒಂದು ಹನಿಯೂ ಇಲ್ಲ. ರೋಗಿಯ ಒಪ್ಪಿಗೆಯನ್ನು ಅವನ ಭಾಷೆಯಲ್ಲಿಯೇ ಪಡೆಯಬೇಕು.

ಮೂರನೆಯದು ನನ್ನದೇ ಬಳಗದ ಬಗೆಗಿನ ಅಂಜಿಕೆ. ಔಷಧಿಯ ನಂತರದ ಕೆಲವು ಗಂಟೆ, ಕೆಲವು ದಿನ ಮನಸ್ಸು ಹಸಿ ಮಣ್ಣಿನಂತಿರುತ್ತದೆ. ಒತ್ತಿದ ಗುರುತು ಉಳಿಯುತ್ತದೆ. ಆ ಹೊತ್ತಿನಲ್ಲಿ ಗುರುವಾಗಲಿ ಸ್ವಾಮಿಯಾಗಲಿ ಮುಲ್ಲಾ ಆಗಲಿ ತನ್ನ ಬೋಧನೆಯನ್ನು ತುಂಬಲು ಹೋದರೆ ಅದು ಅನ್ಯಾಯ. ಪಾಪನಿವೇದನೆ ಬೇರೆ, ಈ ಮಾತು ಬೇರೆ. ಆಪ್ತಸಮಾಲೋಚನೆಯಲ್ಲಿ ತರಬೇತಾದ ಸಿಸ್ಟರೊಬ್ಬರು ನಮ್ಮಲ್ಲಿದ್ದಾರೆ, ಅವರನ್ನು ಕಳುಹಿಸಬಹುದು ಎಂದೆ. ನಾನು ಬರುವುದಿಲ್ಲ ಎಂದೆ. ವೈದ್ಯರಿಗೆ ಆಶ್ಚರ್ಯವಾಯಿತು.

ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಕತ್ತಲೆಯಿದ್ದರೆ ಕೆಟಮಿನ್ ಹುಡುಕಿ ಹೊರಡಬೇಡಿ. ಮೊದಲು ಮಂಗಳವಾರದ ಸಾಲು. ರಾತ್ರಿ ಹೊತ್ತು ತಡೆಯದಾದರೆ 14416, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ. ಮನೆಯಲ್ಲಿ ಯಾರಾದರೂ ಹಾಗೆಯೇ ಹೋಗಿಬಿಟ್ಟಿದ್ದರೆ, ಅವರಿಗೆ ರಕ್ಷಣೆಯಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿಕೊಂಡು ಕೊರಗಬೇಡಿ. ಹಿಂದೆ ಅಂಥವರಿಗೆ ಸಮಾಧಿ ವಿಧಿಯನ್ನು ನಿರಾಕರಿಸುತ್ತಿದ್ದುದು ನಿಜ. 1983ರ ಧರ್ಮಸಭೆಯ ಕಾನೂನು ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿದೆ. ತೀವ್ರ ಮನೋವೇದನೆಯಲ್ಲಿ ಮನುಷ್ಯನ ಹೊಣೆ ಕುಗ್ಗುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂಬುದು 1992ರ ಧರ್ಮೋಪದೇಶ ಗ್ರಂಥದ ಬೋಧನೆ.

ಹೊರಡುವ ಮುನ್ನ ವೈದ್ಯರ ನಿಯಮಗಳ ಹಾಳೆಯನ್ನು ಕೊನೆಯವರೆಗೆ ಓದಿದೆ. ಕಟ್ಟಕಡೆಗೆ ಹೀಗಿತ್ತು: ಚಿಕಿತ್ಸೆಯ ದಿನ ರೋಗಿ ವಾಹನ ಓಡಿಸಬಾರದು, ಮನೆ ಮುಟ್ಟಿಸಲು ಜವಾಬ್ದಾರಿಯುಳ್ಳ ಒಬ್ಬರು ಜೊತೆಗಿರಲೇಬೇಕು. ಹುಕ್ಕೇರಿ, ಮೂಡಲಗಿ ಕಡೆಯ ಎಷ್ಟೋ ಹಳ್ಳಿಗಳಿಗೆ ಸಂಜೆಯ ಮೇಲೆ ಬಸ್ಸಿಲ್ಲ. ಗಂಡಸರು ಕಬ್ಬು ಕಡಿಯಲು ಹೋದ ಮನೆಗಳಲ್ಲಿ ಜೊತೆಗೆ ಬರುವವರೂ ಇರುವುದಿಲ್ಲ. ಆ ಕೆಲಸ ನನಗಿರಲಿ ಎಂದೆ. ಧರ್ಮಕೇಂದ್ರದ ಹಳೆಯ ಜೀಪಿದೆ, ಲೈಸೆನ್ಸೂ ಇದೆ.

ಮಾರನೆಯ ದಿನ ನಮ್ಮ ಹುಡುಗನನ್ನು ಕಂಡು ವಿಷಯ ತಿಳಿಸಿದೆ. ಅವನು ಮೋಟರಿನ ಒಳಗೆ ತಂತಿ ಕೂರಿಸುತ್ತ ತಲೆ ಎತ್ತದೆ ಕೇಳಿಸಿಕೊಂಡ. ದಾರಿಯಲ್ಲಿ ಅವರೊಡನೆ ಏನು ಮಾತಾಡಿದರೆ ಒಳ್ಳೆಯದಪ್ಪಾ, ನಿನಗೆ ಅನುಭವವಿದೆ ಎಂದೆ. ಅವನು ಸ್ವಲ್ಪ ಯೋಚಿಸಿದ.

"ಏನೂ ಮಾತಾಡಬ್ಯಾಡ್ರಿ ಫಾದರ್. ರೇಡಿಯೋನೂ ಹಚ್ಚಬ್ಯಾಡ್ರಿ. ಕಿಡಕಿ ಒಂದೀಟ ತೆರದಿಡ್ರಿ, ಗಾಳಿ ಬರ್ಲಿ. ಮತ್ತ ತೆಗ್ಗಿನ್ಯಾಗ ಹಗೂರ್ಕ ಹೊಡೀರಿ."